ಟಾಪ್ ಲಿಂಕ್ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ಮಾನ್ಯ ಸಂಪಾದಕರೇ,

ಕೃಷಿ ಪುಟದಲ್ಲಿ ಟ್ರ್ಯಾಕ್ಟರ್ ಬಗ್ಗೆ ಏನೇ ಬಂದರೂ ಬಿಡದೆ ಓದುವವನು ನಾನು. ಅಶ್ವಶಕ್ತಿ ಎಷ್ಟು, ಎಷ್ಟು ಭಾರ ಎತ್ತುತ್ತದೆ, ಗಂಟೆಗೆ ಡೀಸೆಲ್ ಎಷ್ಟು ಬೇಕು ಎಂಬುದೆಲ್ಲ ಬರುತ್ತದೆ. ಟ್ರ್ಯಾಕ್ಟರಿಗೂ ಹಿಂದಿನ ಸಲಕರಣೆಗೂ ನಡುವೆ ಮೇಲ್ಗಡೆ ನಿಂತು ಉಳುಮೆಯ ಹದವನ್ನೆಲ್ಲ ಹಿಡಿದಿಡುವ ಟಾಪ್ ಲಿಂಕಿನ ಬಗ್ಗೆ ಮಾತ್ರ ಒಂದು ಸಾಲೂ ಕಾಣುವುದಿಲ್ಲ. ಕೈಯಿಂದ ತಿರುಗಿಸುವ ತಿರುಪಿನ ಲಿಂಕನ್ನು ತೆಗೆದು, ಎಣ್ಣೆಯ ಒತ್ತಡದಿಂದ ಉದ್ದ ಬದಲಿಸುವ ಹೈಡ್ರಾಲಿಕ್ ಲಿಂಕ್ ಹಾಕಿಸಿಕೊಳ್ಳುವವರಿಗೆ ಅಂಗಡಿಯವನ ಮಾತು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅವರಿಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನನ್ನ ಕಸುಬು ಹೈಡ್ರಾಲಿಕ್ ಸಿಲಿಂಡರ್ ರಿಪೇರಿ. ಲೋಡರಿನದು, ಟ್ರೇಲರಿನದು, ಟಾಪ್ ಲಿಂಕಿನದು, ಯಾವುದು ಬಂದರೂ ಬಿಚ್ಚಿ, ಸೀಲ್ ಬದಲಿಸಿ, ರಾಡ್ ಕೆಟ್ಟಿದ್ದರೆ ಹೊಸದು ಕೂರಿಸಿ, ಒತ್ತಡ ಕೊಟ್ಟು ನೋಡಿ ಕಳಿಸುತ್ತೇನೆ. ಟಾಪ್ ಲಿಂಕಿನ ಸಿಲಿಂಡರನ್ನು ಬಿಚ್ಚಿದ ಕೂಡಲೇ ಅದನ್ನು ಹೇಗೆ ದುಡಿಸಿದ್ದಾರೆಂದು ಗೊತ್ತಾಗುತ್ತದೆ. ರಾಡನ್ನು ಪೂರ್ತಿ ಹೊರಗೆ ಚಾಚಿಯೇ ಉಳುಮೆ ಮಾಡಿದ್ದರೆ ರಾಡ್ ಬಾಗಿರುತ್ತದೆ, ಮುಂದಿನ ಗ್ಲ್ಯಾಂಡ್ (ರಾಡ್ ಹೊರಬರುವ ಬಾಯಿಯ ಮುಚ್ಚಳ) ಒಂದೇ ಬದಿಗೆ ಸವೆದಿರುತ್ತದೆ. ಪೂರ್ತಿ ಒಳಗೆ ಎಳೆದು ದುಡಿಸಿದ್ದರೆ ಪಿಸ್ಟನ್ ತಳಕ್ಕೆ ಬಡಿದ ಗಾಯ ಇರುತ್ತದೆ. ಇಂಥ ಸಿಲಿಂಡರ್ ತಂದವರು ಸಾಮಾನ್ಯವಾಗಿ ಹೇಳುವುದು ಒಂದೇ: "ಮಾಲು ಸರಿ ಇಲ್ಲ, ಕಬ್ಬಿಣ ಮೆದು." ಕಬ್ಬಿಣ ಮೆದುವಾಗಿ ಕೆಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಉದ್ದ ತಪ್ಪಾದದ್ದನ್ನು ಕೊಂಡು ಕೆಟ್ಟದ್ದೇ ಹೆಚ್ಚು. ದಪ್ಪ ನೋಡಿ, ಕ್ರೋಮಿನ ಹೊಳಪು ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ಮುಚ್ಚಿದಾಗಿನ ಉದ್ದ ಮತ್ತು ಸಿಲಿಂಡರಿನ ಮೈಮೇಲೆ ಎಣ್ಣೆಯನ್ನು ಒಳಗೇ ಹಿಡಿದಿಡುವ ಲಾಕ್ ವಾಲ್ವ್ ಇದೆಯೇ ಎಂಬುದು. ಈ ಎರಡು ಸರಿ ಇದ್ದರೆ ಉಳಿದದ್ದನ್ನು ಹೇಗೋ ಸರಿದೂಗಿಸಬಹುದು.

ಟಾಪ್ ಲಿಂಕ್ ಏಕೆ ಇಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆಳಗಿನ ಎರಡು ಕೈಗಳು ಸಲಕರಣೆಯನ್ನು ಎಳೆಯುತ್ತವೆ, ಎತ್ತುತ್ತವೆ. ಮೇಲಿನ ಒಂದು ಕೊಂಡಿ ಅದು ಮುಂದಕ್ಕೆ ಮುಗ್ಗರಿಸದಂತೆ, ಹಿಂದಕ್ಕೆ ಒರಗದಂತೆ ಹಿಡಿಯುತ್ತದೆ. ಹ್ಯಾರಿ ಫರ್ಗ್ಯುಸನ್ ಎಂಬ ಐರಿಷ್ ಎಂಜಿನಿಯರ್ ರೂಪಿಸಿದ ಈ ಮೂರು ಬಿಂದುಗಳ ಜೋಡಣೆ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಜೊತೆ ದೊಡ್ಡ ಪ್ರಮಾಣದಲ್ಲಿ ಹೊಲಕ್ಕಿಳಿಯಿತು. ಅದಕ್ಕೂ ಮೊದಲು ನೇಗಿಲನ್ನು ಬಂಡಿಯ ಹಾಗೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲಿನ ಮೊನೆ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ತಿರುಗಲಾರದೆ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಟಾಪ್ ಲಿಂಕ್ ಬಂದ ಮೇಲೆ ನೇಗಿಲು ಸಿಕ್ಕಿಕೊಂಡಾಗ ಅದೇ ಬಲ ಲಿಂಕಿನ ಮೂಲಕ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೆ ಅದುಮತೊಡಗಿತು. ಅಂದರೆ ಇದು ಚಾಲಕನ ಜೀವ ಕಾಯುವ ಭಾಗ. ಇದರ ಜಾಗದಲ್ಲಿ ಸರಪಳಿ ಕಟ್ಟಿಕೊಂಡು ಉಳುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನೂ ಕೆಲವರು ಟಾಪ್ ಲಿಂಕ್ ಸಿಕ್ಕಿಸುವ ಬ್ರಾಕೆಟ್ಟಿಗೇ ಸರಪಳಿ ಹಾಕಿ ಮರದ ಬೊಡ್ಡೆ ಎಳೆಯಲು ಹೋಗುತ್ತಾರೆ. ಎಳೆಯುವ ಜಾಗ ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಚಾಲಕನಿಗೆ ಹಾರಿಕೊಳ್ಳಲೂ ಸಮಯ ಸಿಗುವುದಿಲ್ಲ.

ಈ ಕೊಂಡಿ ಎರಡು ಬಗೆಯ ಬಲ ತಿನ್ನುತ್ತದೆ. ಭಾರದ ಉಳುಮೆಯಲ್ಲಿ ನೇಗಿಲು ಮಣ್ಣಿನಲ್ಲಿದ್ದಾಗ ಅದರ ಮೇಲೆ ಒತ್ತಡ. ನೇಗಿಲನ್ನು ಎತ್ತಿ ತಿರುವಿನಲ್ಲಿ ಹೊರಳಿಸುವಾಗ ಸಲಕರಣೆಯ ತೂಕ ಹಿಂದಕ್ಕೆ ಜಗ್ಗಿ ಅದರ ಮೇಲೆ ಎಳೆತ. ಪ್ರತಿ ಸಾಲಿನ ಕೊನೆಗೆ ಒತ್ತಡ ಹೋಗಿ ಎಳೆತ ಬರುತ್ತದೆ, ಮತ್ತೆ ಸಾಲಿಗಿಳಿದಾಗ ಎಳೆತ ಹೋಗಿ ಒತ್ತಡ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಲಾಕ್ ವಾಲ್ವ್ ವಿಷಯದಲ್ಲಿ ಬೇಕಾಗುತ್ತದೆ.

ಹೈಡ್ರಾಲಿಕ್ ಲಿಂಕ್ ಎಲ್ಲರಿಗೂ ಬೇಕೇ ಎಂದರೆ, ಬೇಡ. ವರ್ಷವಿಡೀ ರೋಟವೇಟರ್ ಮತ್ತು ಕಲ್ಟಿವೇಟರ್ ಮಾತ್ರ ಹೊಡೆಯುವವರಿಗೆ ಇದು ವ್ಯರ್ಥ ಖರ್ಚು. ಕಲ್ಟಿವೇಟರಿನ ಚೌಕಟ್ಟನ್ನು ಒಮ್ಮೆ ಮಟ್ಟ ಮಾಡಿಟ್ಟರೆ ಮುಗಿಯಿತು. ರೋಟವೇಟರಿನ ಆಳವನ್ನು ಅದರ ಪಕ್ಕದ ಪಟ್ಟಿಗಳೇ ಹಿಡಿಯುತ್ತವೆ. ಅಲ್ಲಿ ಟಾಪ್ ಲಿಂಕಿನ ಕೆಲಸವೆಂದರೆ ಗೇರ್ ಬಾಕ್ಸಿನ ಮೂತಿ ಟ್ರ್ಯಾಕ್ಟರಿನಿಂದ ಸಲಕರಣೆಗೆ ತಿರುಗುಬಲ ಕೊಡುವ ಪಿ.ಟಿ.ಒ. ಅಚ್ಚಿಗೆ ಸಮಾನಾಂತರವಾಗಿ ನಿಲ್ಲುವಂತೆ ಮಾಡುವುದು. ಹಾಗೆ ನಿಂತರೆ ಶಾಫ್ಟಿನ ಎರಡೂ ತುದಿಯ ಕ್ರಾಸುಗಳು (ಬಾಗಿ ತಿರುಗುವ ಕೀಲುಗಳು) ಒಂದೇ ಕೋನದಲ್ಲಿ ತಿರುಗುತ್ತವೆ, ಕಂಪನ ಇರುವುದಿಲ್ಲ. ಸೀಟಿನಲ್ಲಿ ಕೂತು ಲಿವರ್ ಆಡಿಸುತ್ತ ಲಿಂಕಿನ ಉದ್ದ ಬದಲಿಸುತ್ತಿದ್ದರೆ ಈ ಕೋನಗಳು ಹೊಂದದೆ ಕ್ರಾಸು ಬೇಗ ಸಾಯುತ್ತದೆ. ರೋಟವೇಟರಿಗೆ ತಿರುಪಿನ ಲಿಂಕೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೈಡ್ರಾಲಿಕ್ ಲಿಂಕಿನ ಬೆಲೆ ಗೊತ್ತಾಗುವುದು ಎಂ.ಬಿ. (ಮೋಲ್ಡ್‌ಬೋರ್ಡ್, ಮಣ್ಣು ಮಗುಚುವ) ನೇಗಿಲು, ಪಲ್ಟಿ ನೇಗಿಲು, ಮಣ್ಣು ಸಮತಟ್ಟು ಮಾಡುವ ಬ್ಲೇಡು ಮತ್ತು ಬಾಕ್ಸು, ಮೂಟೆ ಎತ್ತುವ ಫೋರ್ಕು, ಇವುಗಳಲ್ಲಿ. ಒಂದೇ ಹೊಲದಲ್ಲಿ ಗಟ್ಟಿ ನೆಲ, ಮೆತ್ತನೆಯ ನೆಲ ಎರಡೂ ಇದ್ದವರಿಗೆ, ದಿನಕ್ಕೆ ಹಲವು ಸಲ ಸಲಕರಣೆ ಬದಲಿಸುವವರಿಗೆ ಕೂಡ. ಬ್ಲೇಡಿನ ಕೆಲಸದಲ್ಲಂತೂ ಇದು ಇದ್ದವನಿಗೂ ಇಲ್ಲದವನಿಗೂ ಅಜಗಜಾಂತರ. ತಿರುಪಿನ ಲಿಂಕಾದರೆ ಮಣ್ಣು ಕೆರೆಯಲು ಒಂದು ಹದ, ಹರಡಲು ಇನ್ನೊಂದು ಹದ, ಪ್ರತಿ ಸಲ ಇಳಿದು ತಿರುಗಿಸಬೇಕು. ಇಳಿಯಲು ಬೇಸತ್ತು ತಪ್ಪು ಹದದಲ್ಲೇ ಕೆಲಸ ಮುಗಿಸುತ್ತಾರೆ, ನೆಲ ಅಲೆ ಅಲೆಯಾಗಿ ಉಳಿಯುತ್ತದೆ.

ಈಗ ಅಳತೆಯ ಮಾತು. ತಿರುಪಿನ ಲಿಂಕಿಗೂ ಸಿಲಿಂಡರಿಗೂ ಒಂದು ಮೂಲ ವ್ಯತ್ಯಾಸ ಇದೆ. ಸಿಲಿಂಡರಿನೊಳಗೆ ಪಿಸ್ಟನ್, ಗ್ಲ್ಯಾಂಡ್, ತಳದ ಮುಚ್ಚಳ, ಎರಡು ತುದಿಯ ಕಣ್ಣುಗಳು, ಇವೆಲ್ಲ ಒಂದಿಷ್ಟು ಉದ್ದವನ್ನು ನುಂಗಿಕೊಂಡು ಕೂತಿರುತ್ತವೆ. ಆ ಉದ್ದ ಎಂದೂ ಕಡಿಮೆಯಾಗುವುದಿಲ್ಲ. ಅದು 300 ಮಿ.ಮೀ. ಎಂದಿಟ್ಟುಕೊಳ್ಳಿ. ಸ್ಟ್ರೋಕ್, ಅಂದರೆ ರಾಡ್ ಚಲಿಸುವ ದೂರ, 200 ಮಿ.ಮೀ. ಇದ್ದರೆ ಮುಚ್ಚಿದಾಗ ಕನಿಷ್ಠ 500, ಚಾಚಿದಾಗ 700. ಹೆಚ್ಚು ಸ್ಟ್ರೋಕ್ ಇದ್ದರೆ ಒಳ್ಳೆಯದೆಂದು 300ರದ್ದು ಕೊಂಡರೆ ಮುಚ್ಚಿದಾಗಿನ ಉದ್ದವೂ 600ಕ್ಕೆ ಏರುತ್ತದೆ. ನಿಮ್ಮ ನೇಗಿಲಿಗೆ ಬೇಕಾದದ್ದು 560 ಆಗಿದ್ದರೆ ಆ ಸಿಲಿಂಡರ್ ನಿಮಗೆ ಯಾವತ್ತೂ ಒದಗುವುದಿಲ್ಲ, ನೇಗಿಲಿನ ಮೂತಿ ಸದಾ ಮೇಲೆಯೇ ಇರುತ್ತದೆ. ಜಾಸ್ತಿ ಸ್ಟ್ರೋಕಿನ ಆಸೆಗೆ ಬಿದ್ದು ಹೀಗೆ ಸಿಕ್ಕಿಕೊಂಡವರು ಸಿಲಿಂಡರನ್ನು ನನ್ನ ಹತ್ತಿರ ತಂದು "ಕತ್ತರಿಸಿ ಗಿಡ್ಡ ಮಾಡಿಕೊಡಿ" ಎನ್ನುತ್ತಾರೆ. ಟ್ಯೂಬು, ರಾಡು ಎರಡನ್ನೂ ಕತ್ತರಿಸಿ ಮತ್ತೆ ಬೆಸುಗೆ ಹಾಕುವುದಕ್ಕಿಂತ ಸರಿಯಾದದ್ದನ್ನು ಕೊಳ್ಳುವುದೇ ಲೇಸು.

ಅಳೆಯುವುದು ಕಷ್ಟದ ಕೆಲಸವಲ್ಲ. ಅಂಗಡಿಗೆ ಹೋಗುವ ಮೊದಲು, ಈಗಿರುವ ತಿರುಪಿನ ಲಿಂಕಿನಲ್ಲೇ ಒಂದೊಂದು ಸಲಕರಣೆಯನ್ನೂ ಕೆಲಸ ಮಾಡುವ ಹದಕ್ಕೆ ತಂದು ನಿಲ್ಲಿಸಿ. ನೇಗಿಲಾದರೆ ಹೊಲದಲ್ಲಿ ಸಾಲು ಹೊಡೆಯುತ್ತ, ಚೌಕಟ್ಟು ನೆಲಕ್ಕೆ ಸಮವಾಗಿ ಹೋಗುತ್ತಿರುವಾಗ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಟ್ರ್ಯಾಕ್ಟರ್ ಕಡೆಯ ಪಿನ್ನಿನ ನಡುಮಧ್ಯದಿಂದ ಸಲಕರಣೆ ಕಡೆಯ ಪಿನ್ನಿನ ನಡುಮಧ್ಯಕ್ಕೆ ಟೇಪು ಹಿಡಿಯಿರಿ. ಬ್ಲೇಡಿಗೆ ಎರಡು ಅಳತೆ ಬೇಕು, ಕೆರೆಯುವ ಹದದ್ದು ಒಂದು, ಹರಡುವ ಹದದ್ದು ಇನ್ನೊಂದು. ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಅವುಗಳಲ್ಲಿ ಅತಿ ಚಿಕ್ಕ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ನಿಮ್ಮ ಸಿಲಿಂಡರಿನ ಮುಚ್ಚಿದ ಉದ್ದವಾಗಿರಬೇಕು. ಅತಿ ದೊಡ್ಡ ಅಳತೆಯ ಆಚೆಗೂ ರಾಡ್ ಇನ್ನೂ ಸ್ವಲ್ಪ ಚಾಚುವಂತಿರಬೇಕು. ಹೆಚ್ಚು ದುಡಿಯುವ ಸಲಕರಣೆಯ ಅಳತೆ ಸ್ಟ್ರೋಕಿನ ನಡುಭಾಗದಲ್ಲಿ ಬಂದರೆ ಸಿಲಿಂಡರ್ ವರ್ಷಗಟ್ಟಲೆ ಬಾಳುತ್ತದೆ. ಟ್ರ್ಯಾಕ್ಟರ್ ಬ್ರಾಕೆಟ್ಟಿನಲ್ಲಿ ಮೇಲೆ ಕೆಳಗೆ ಎರಡು ಮೂರು ತೂತುಗಳಿರುತ್ತವಲ್ಲ, ನೀವು ಬಳಸುವ ತೂತಿನಿಂದಲೇ ಅಳೆಯಿರಿ, ತೂತು ಬದಲಾದರೆ ಅಳತೆಯೂ ಬದಲಾಗುತ್ತದೆ.

ನಡುಭಾಗ ಏಕೆಂದರೆ, ಒತ್ತಡಕ್ಕೆ ಸಿಕ್ಕಿದ ಸಪೂರ ಕೋಲು ಉದ್ದವಾದಷ್ಟೂ ಬೇಗ ಬಾಗುತ್ತದೆ. ಉದ್ದ ಎರಡು ಪಟ್ಟಾದರೆ ಬಾಗದೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಪೂರ್ತಿ ಚಾಚಿದಾಗ ಪಿಸ್ಟನ್ನೂ ಗ್ಲ್ಯಾಂಡೂ ಹತ್ತಿರ ಹತ್ತಿರ ಬಂದು ರಾಡಿಗೆ ಆಧಾರವೂ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ನೇಗಿಲು ಕಲ್ಲಿಗೆ ಬಡಿದರೆ ಎಷ್ಟು ಒಳ್ಳೆಯ ಉಕ್ಕಾದರೂ ಬಾಗುತ್ತದೆ.

ದಪ್ಪದ ಲೆಕ್ಕ ಇದರ ನಂತರದ್ದು. ಸಿಲಿಂಡರಿನ ಒಳವ್ಯಾಸ 63 ಮಿ.ಮೀ., ರಾಡ್ 30 ಮಿ.ಮೀ., ಎಣ್ಣೆಯ ಒತ್ತಡ 180 ಬಾರ್ ಎಂದಿಟ್ಟುಕೊಂಡರೆ ತಳ್ಳುವ ಬಲ ಸುಮಾರು 5,700 ಕೆ.ಜಿ. ಎಳೆಯುವಾಗ ರಾಡು ಆಕ್ರಮಿಸಿದ ಜಾಗ ಕಳೆದು ಉಳಿಯುವುದು ಸುಮಾರು 4,400 ಕೆ.ಜಿ. ಅದೇ 50 ಮಿ.ಮೀ. ಒಳವ್ಯಾಸಕ್ಕೆ ತಳ್ಳುವುದು 3,600, ಎಳೆಯುವುದು 2,300 ಕೆ.ಜಿ. ಅಂಗಡಿಯವರು ಹೇಳುವುದು ಯಾವಾಗಲೂ ದೊಡ್ಡ ಅಂಕಿಯನ್ನೇ. ಭಾರದ ಸಲಕರಣೆಯನ್ನು ಗಾಳಿಯಲ್ಲಿ ಎತ್ತಿಟ್ಟು ಲಿಂಕನ್ನು ಗಿಡ್ಡ ಮಾಡಲು ಹೊರಟಾಗ ಕೆಲಸಕ್ಕೆ ಬರುವುದು ಚಿಕ್ಕ ಅಂಕಿ. ಕೊಳ್ಳುವವರು ಕೇಳಬೇಕಾದದ್ದೂ ಅದನ್ನೇ.

ದಪ್ಪ ಸಿಲಿಂಡರ್ ನಿಧಾನ, ಸಣ್ಣದು ಚುರುಕು. ಆದರೆ ದಪ್ಪದ್ದೂ ಸಾಕಷ್ಟು ಚುರುಕೇ. ನಿಮಿಷಕ್ಕೆ 20 ಲೀಟರ್ ಎಣ್ಣೆ ಹರಿದರೆ 63 ಮಿ.ಮೀ. ಸಿಲಿಂಡರಿನ ರಾಡ್ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಓಡುತ್ತದೆ. 200 ಮಿ.ಮೀ. ಸ್ಟ್ರೋಕ್ ಎರಡು ಸೆಕೆಂಡಿನೊಳಗೆ ಮುಗಿದು ಹೋಗುತ್ತದೆ. ನಮಗೆ ಬೇಕಾದದ್ದು ಐದು, ಹತ್ತು ಮಿಲಿಮೀಟರಿನ ಆಟ. ಕೆಳಗಿನ ಪಿನ್ನಿಗೂ ಮೇಲಿನ ಪಿನ್ನಿಗೂ 60 ಸೆಂ.ಮೀ. ಎತ್ತರ, ಬ್ಲೇಡಿನ ಅಂಚು ಕೆಳಗಿನ ಪಿನ್ನಿನಿಂದ 120 ಸೆಂ.ಮೀ. ಹಿಂದೆ ಇದ್ದರೆ ಲಿಂಕಿನಲ್ಲಿ ಹತ್ತು ಮಿಲಿಮೀಟರ್ ಬದಲಾದಾಗ ಅಂಚಿನಲ್ಲಿ ಇಪ್ಪತ್ತು ಬದಲಾಗುತ್ತದೆ. ಹಾಗಾಗಿ ಹರಿವನ್ನು ಕಟ್ಟಿಹಾಕುವ ಸಣ್ಣ ತೂತಿನ ರಿಸ್ಟ್ರಿಕ್ಟರ್ ಪೈಪಿನ ಬಾಯಲ್ಲಿ ಇರಲೇಬೇಕು. ಟ್ರ್ಯಾಕ್ಟರಿನಲ್ಲೇ ಹರಿವು ಕಡಿಮೆ ಮಾಡುವ ತಿರುಗುಗುಂಡಿ ಇದ್ದರೆ ಅದೂ ಆದೀತು. ಇದಿಲ್ಲದೆ ಲಿವರ್ ಮುಟ್ಟಿದರೆ ಸಲಕರಣೆ ಒದ್ದಂತೆ ಜಿಗಿಯುತ್ತದೆ.

ಇನ್ನು ಲಾಕ್ ವಾಲ್ವ್. ಟ್ರ್ಯಾಕ್ಟರಿನ ಲಿವರ್ ನಡುವಿಗೆ ಬಂದಾಗ ಎಣ್ಣೆ ನಿಂತಿತೆಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಲಿವರಿನ ಕೆಳಗೆ ಜಾರುತ್ತ ಎಣ್ಣೆಯ ದಾರಿ ತೆರೆದು ಮುಚ್ಚುವ ಸ್ಪೂಲು ಮತ್ತು ಅದರ ಗೂಡಿನ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಸ್ಪೂಲು ಜಾರುವುದೇ ಇಲ್ಲ. ಆ ಸಂದಿನಲ್ಲಿ ಎಣ್ಣೆ ಹನಿಹನಿಯಾಗಿ ಸೋರುತ್ತದೆ. ಬೆಳಗ್ಗೆ ಹದ ಮಾಡಿದ ನೇಗಿಲು ಮಧ್ಯಾಹ್ನಕ್ಕೆ ತಾನಾಗಿಯೇ ಹದ ತಪ್ಪಿರುತ್ತದೆ. ಇದನ್ನು ತಡೆಯುವುದು ಪೈಲಟ್ ಒತ್ತಡದಿಂದ ತೆರೆಯುವ ಚೆಕ್ ವಾಲ್ವ್, ನಾವು ಲಾಕ್ ವಾಲ್ವ್ ಎನ್ನುವುದು. ಲಿವರ್ ಎಳೆದಾಗ ಮಾತ್ರ ಬಾಗಿಲು ತೆರೆಯುತ್ತದೆ, ಬಿಟ್ಟರೆ ಉಕ್ಕಿನ ಗುಂಡು ಕೂತು ಎಣ್ಣೆಯನ್ನು ಸಿಲಿಂಡರಿನೊಳಗೇ ಬಂಧಿಸುತ್ತದೆ.

ಇಲ್ಲಿ ಎರಡು ಮೋಸ ನಡೆಯುತ್ತದೆ. ಒಂದನೆಯದು, ಒಂದೇ ಕಡೆ ಲಾಕ್ ಇರುವುದನ್ನು ಪೂರ್ತಿ ಲಾಕ್ ಎಂದು ಮಾರುವುದು. ಉಳುವಾಗ ಒತ್ತಡ, ಎತ್ತಿದಾಗ ಎಳೆತ ಎಂದು ಮೇಲೆ ಹೇಳಿದೆನಲ್ಲ, ಒತ್ತಡವನ್ನು ತಡೆಯುವುದು ಪಿಸ್ಟನ್ನಿನ ಹಿಂದಿನ ಎಣ್ಣೆ, ಎಳೆತವನ್ನು ತಡೆಯುವುದು ರಾಡ್ ಕಡೆಯ ಎಣ್ಣೆ. ಎರಡೂ ಕಡೆ ಲಾಕ್ ಆಗದಿದ್ದರೆ ಅರ್ಧ ಕೆಲಸವೇ. ಎರಡನೆಯದು, ವಾಲ್ವನ್ನು ಪೈಪಿನ ಆಚೆ ತುದಿಗೆ, ಟ್ರ್ಯಾಕ್ಟರ್ ಹತ್ತಿರ ಕೂರಿಸಿ ಕೊಡುವುದು. ಆಗ ರಬ್ಬರ್ ಪೈಪು ಒಡೆದರೆ ಲಾಕ್ ಇದ್ದೂ ಪ್ರಯೋಜನವಿಲ್ಲ, ಎತ್ತಿದ ಸಲಕರಣೆ ಒಮ್ಮೆಲೇ ಹಿಂದಕ್ಕೆ ಒರಗುತ್ತದೆ. ವಾಲ್ವ್ ಸಿಲಿಂಡರಿನ ಮೈಗೆ ಬೋಲ್ಟಿನಿಂದಲೋ ಬೆಸುಗೆಯಿಂದಲೋ ಕೂತು, ಅಲ್ಲಿಂದ ಎರಡೂ ತುದಿಗೆ ಉಕ್ಕಿನ ನಳಿಗೆ ಹೋಗಿರಬೇಕು. ಅಂಗಡಿಯಲ್ಲಿ ನಿಂತೇ ಕಣ್ಣಿಂದ ನೋಡಿ ಹೇಳಬಹುದಾದ ವಿಷಯ ಇದು.

ಲಾಕ್ ವಾಲ್ವ್ ಇದ್ದ ಸಿಲಿಂಡರಿನಲ್ಲಿ ಲಿವರನ್ನು ಫ್ಲೋಟ್ ಸ್ಥಾನಕ್ಕೆ (ಸಿಲಿಂಡರ್ ನೆಲಕ್ಕೆ ತಕ್ಕಂತೆ ತಾನಾಗಿ ಆಡುವ ಸ್ಥಾನಕ್ಕೆ) ಹಾಕಿದರೂ ಅದು ತೇಲುವುದಿಲ್ಲ, ಏಕೆಂದರೆ ಬಾಗಿಲು ತೆರೆಯಲು ಬೇಕಾದ ಒತ್ತಡ ಫ್ಲೋಟಿನಲ್ಲಿ ಇರುವುದೇ ಇಲ್ಲ. ನೆಲದ ಏರಿಳಿತ ಅನುಸರಿಸಬೇಕಾದ ಹುಲ್ಲು ಕತ್ತರಿಸುವ ಯಂತ್ರದಂಥವಕ್ಕೆ ಸಲಕರಣೆಯ ಕಡೆಯಲ್ಲೇ ಉದ್ದ ತೂತಿನ ಅಥವಾ ಆಡುವ ಕೊಂಡಿ ಬೇಕು. ಇನ್ನು ಹಳೆಯ ವಿನ್ಯಾಸದ ಕೆಲವು ಟ್ರ್ಯಾಕ್ಟರುಗಳು ಟಾಪ್ ಲಿಂಕಿನ ಮೇಲಿನ ಒತ್ತಡವನ್ನೇ ಅರಿತು ನೇಗಿಲಿನ ಆಳ ಹೊಂದಿಸುತ್ತವೆ. ಅಂಥದ್ದರಲ್ಲಿ ಜಾರುವ ಸಿಲಿಂಡರ್ ಇದ್ದರೆ ಆ ಏರ್ಪಾಡೇ ಕೆಡುತ್ತದೆ, ಬಿಗಿಯಾಗಿ ಲಾಕ್ ಆಗಿ ನಿಲ್ಲುವಂಥದ್ದೇ ಬೇಕು.

ಟ್ರ್ಯಾಕ್ಟರಿನ ಹಿಂದೆ ಎಣ್ಣೆಯ ಬಾಯಿಗಳೆಷ್ಟಿವೆ ಎಂದು ಎಣಿಸದೆ ಸಿಲಿಂಡರ್ ತರುವವರೂ ಇದ್ದಾರೆ. ಟ್ರೇಲರ್ ಎತ್ತಲು ಕೊಟ್ಟಿರುವ ಒಂಟಿ ಬಾಯಿಯಿಂದ ಇದು ನಡೆಯುವುದಿಲ್ಲ. ಹೋಗಲು ಒಂದು, ಬರಲು ಒಂದು, ಹೀಗೆ ಜೋಡಿ ಬಾಯಿಯ ಡಬಲ್ ಆಕ್ಟಿಂಗ್ ಡಿ.ಸಿ. ವಾಲ್ವ್ (ಎಣ್ಣೆಯ ದಿಕ್ಕು ಬದಲಿಸುವ ವಾಲ್ವ್) ಬೇಕು. ಹೈಡ್ರಾಲಿಕ್ ಪಲ್ಟಿ ನೇಗಿಲು ತನ್ನನ್ನು ಮಗುಚಿಕೊಳ್ಳಲು ಆಗಲೇ ಒಂದು ಜೋಡಿಯನ್ನು ಹಿಡಿದಿರುತ್ತದೆ, ಟಾಪ್ ಲಿಂಕಿಗೆ ಇನ್ನೊಂದು ಜೋಡಿ ಬೇಕು. ಇಲ್ಲವಾದರೆ ಹರಿವನ್ನು ಅತ್ತ ಇತ್ತ ತಿರುಗಿಸುವ ಡೈವರ್ಟರ್ ಹಾಕಿಸಬೇಕು. ಟ್ರೇಲರಿನ ಹಳೆಯ ಸಿಲಿಂಡರಿಗೆ ಎರಡು ಕಣ್ಣು ಬೆಸೆದು ಟಾಪ್ ಲಿಂಕ್ ಮಾಡಿಕೊಡಿ ಎಂದು ಕೇಳಿದರೆ ನಾನು ಕೈ ಮುಗಿದು ವಾಪಸು ಕಳಿಸುತ್ತೇನೆ. ಅದು ತಳ್ಳಬಲ್ಲದು, ಎಳೆದು ಹಿಡಿಯಲಾರದು.

ಪಿನ್ನಿನ ಅಳತೆ ಸುಲಭ. ಮೂರು ಬಿಂದುಗಳ ಜೋಡಣೆಯ ಗಾತ್ರವನ್ನು ಕೆಟಗರಿ ಎನ್ನುತ್ತಾರೆ. ಒಂದನೆಯ ಕೆಟಗರಿಗೆ ಟಾಪ್ ಲಿಂಕ್ ಪಿನ್ 19 ಮಿ.ಮೀ., ಎರಡನೆಯದಕ್ಕೆ 25, ಮೂರನೆಯದಕ್ಕೆ 32ರ ಆಸುಪಾಸು. ದೊಡ್ಡ ತೂತಿಗೆ ಸಣ್ಣ ಪಿನ್ ಹಾಕಿ ಓಡಿಸಬಾರದು, ಬುಷ್ ಹಾಕಿ. ಎರಡು ತುದಿಗೂ ಆಡುವ ಗುಂಡಿನ ಕಣ್ಣು ಇರಲಿ. ಬಿಗಿ ಕಣ್ಣಾದರೆ ಸಲಕರಣೆ ಪಕ್ಕಕ್ಕೆ ಓಲಾಡಿದಾಗ ಆ ಹೊಡೆತವೆಲ್ಲ ರಾಡಿಗೇ ಬೀಳುತ್ತದೆ.

ಹಾಕಿಸಿದ ಮೇಲೆ ಮೊದಲ ದಿನ ಮಾಡಬೇಕಾದ ಒಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ಹೊಸ ಸಿಲಿಂಡರ್ ಎಣ್ಣೆ ಕುಡಿಯುತ್ತದೆ. ಸಲಕರಣೆ ಸಿಕ್ಕಿಸದೆ ಹಲವು ಸಲ ಪೂರ್ತಿ ಚಾಚಿ, ಪೂರ್ತಿ ಎಳೆದು ಗಾಳಿ ಹೊರಗೆ ಹಾಕಿ, ಆಮೇಲೆ ಟ್ರ್ಯಾಕ್ಟರಿನ ಎಣ್ಣೆಯ ಮಟ್ಟ ನೋಡಬೇಕು. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಎಣ್ಣೆಯೇ ಗೇರ್ ಬಾಕ್ಸಿನ ಎಣ್ಣೆಯೂ ಹೌದು. ಕಪ್ಲಿಂಗಿನ ಬಾಯಿಗೆ ಮೆತ್ತಿದ ಮಣ್ಣನ್ನು ಒರೆಸದೆ ಸಿಕ್ಕಿಸಿದರೆ ಆ ಮಣ್ಣು ಪಂಪಿಗೂ ಗೇರಿಗೂ ಹೋಗುತ್ತದೆ. ರಬ್ಬರ್ ಮುಚ್ಚಳಗಳನ್ನು ಕಳೆದುಕೊಳ್ಳಬೇಡಿ. ನಂತರ ಸಲಕರಣೆ ಸಿಕ್ಕಿಸಿ, ಪಿ.ಟಿ.ಒ. ಆಫ್ ಇರುವಾಗ, ನಿಧಾನವಾಗಿ ಪೂರ್ತಿ ಎತ್ತಿ ನೋಡಿ. ಲಿಂಕ್ ಗಿಡ್ಡವಾಗಿದ್ದಾಗ ಸಲಕರಣೆ ಮಡ್‌ಗಾರ್ಡಿಗೋ ಹಿಂದಿನ ಗಾಜಿಗೋ ತಾಗುತ್ತದೆಯೇ? ಲಿಂಕ್ ಚಾಚಿದ್ದಾಗ ಪಿ.ಟಿ.ಒ. ಶಾಫ್ಟ್ ವಿಪರೀತ ಬಾಗುತ್ತದೆಯೇ? ಪೈಪು ಎಲ್ಲಿಯಾದರೂ ಬಿಗಿಯಾಗುತ್ತದೆಯೇ, ಸಡಿಲ ಬಿದ್ದು ಶಾಫ್ಟಿನ ಹತ್ತಿರ ಇಳಿಯುತ್ತದೆಯೇ? ತಿರುಪಿನ ಲಿಂಕಿನಲ್ಲಿ ಈ ಅಪಾಯ ಇರಲಿಲ್ಲ, ಏಕೆಂದರೆ ಓಡುವಾಗ ಅದರ ಉದ್ದ ಬದಲಾಗುತ್ತಿರಲಿಲ್ಲ.

ನೇಗಿಲಿನಲ್ಲಿ ಬಳಸುವ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟಾಪ್ ಲಿಂಕ್ ಆಳ ಹಿಡಿಯುವ ಸಾಧನವಲ್ಲ. ಆಳಕ್ಕೆ ಲಿಫ್ಟಿನ ಲಿವರ್ ಇದೆ, ಆಳದ ಚಕ್ರ ಇದೆ. ಲಿಂಕನ್ನು ಗಿಡ್ಡ ಮಾಡಿದರೆ ಮೊನೆ ಕೆಳಗೆ ಚುಚ್ಚುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಗಟ್ಟಿ ನೆಲಕ್ಕೆ ಇಳಿಸುವಾಗ ಹಾಗೆ ಮಾಡಿ, ನೇಗಿಲು ಇಳಿದ ಮೇಲೆ ಚೌಕಟ್ಟು ಸಮವಾಗುವವರೆಗೆ ಮತ್ತೆ ಚಾಚಬೇಕು. ಅಲ್ಲೇ ಬಿಟ್ಟರೆ ಕುಳದ ತುದಿ ಮಾತ್ರ ಸವೆಯುತ್ತದೆ, ಟ್ರ್ಯಾಕ್ಟರಿಗೆ ಎಳೆತ ಹೆಚ್ಚುತ್ತದೆ, ಸಾಲಿನ ತಳ ಒರಟಾಗುತ್ತದೆ. ಬಾಕ್ಸ್ ಬ್ಲೇಡಿನಲ್ಲಿ ಗಿಡ್ಡ ಮಾಡಿದರೆ ಮುಂದಿನ ಹಲ್ಲುಗಳು ಕೆರೆಯುತ್ತವೆ, ಉದ್ದ ಮಾಡಿದರೆ ಹಿಂದಿನ ಅಂಚು ನೆಲಕ್ಕೆ ಕೂತು ಸವರುತ್ತದೆ.

ತಿರುಪಿನಲ್ಲಿ ಸುತ್ತು ಎಣಿಸಿ ಮೊದಲಿನ ಹದಕ್ಕೆ ಬರಬಹುದಿತ್ತು, ಸಿಲಿಂಡರಿನಲ್ಲಿ ಆ ಸೌಕರ್ಯ ಇಲ್ಲ. ಅದಕ್ಕೆ ನಾನು ಕೊಡುವ ಪ್ರತಿ ಟಾಪ್ ಲಿಂಕಿಗೂ ರಾಡಿನ ಕಣ್ಣಿಗೆ ಒಂದು ತೆಳು ಸರಳು ಬಿಗಿದು ಸಿಲಿಂಡರಿನ ಮೈಗುಂಟ ಜಾರುವಂತೆ ಮಾಡಿ, ಮೈಮೇಲೆ ಪೇಂಟಿನ ಗೆರೆ ಎಳೆದು ಕೊಡುತ್ತೇನೆ. ನೇಗಿಲಿಗೆ ಬಿಳಿ, ಬ್ಲೇಡಿಗೆ ಕೆಂಪು. ಸೀಟಿನಿಂದ ಹೊರಳಿ ನೋಡಿದರೆ ಕಾಣುತ್ತದೆ. ಗೆರೆಯನ್ನು ರಾಡಿನ ಮೇಲೆಯೇ ಎಳೆಯಬಾರದು, ಪೇಂಟು ಒಣಗಿ ಸೀಲನ್ನು ಕೊರೆಯುತ್ತದೆ. ಕೆಲಸ ಇಲ್ಲದ ದಿನಗಳಲ್ಲಿ ರಾಡನ್ನು ಪೂರ್ತಿ ಒಳಗೆ ಎಳೆದಿಡಿ. ಹೊರಗೆ ಉಳಿದ ಕ್ರೋಮಿಗೆ ತುಕ್ಕಿನ ಚುಕ್ಕಿ ಬಿದ್ದರೆ ಹೊಸ ಸೀಲ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ.

ಕೊನೆಗೆ ಬರೆಯುತ್ತಿದ್ದರೂ, ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದೇ ಈ ಮಾತು. ಸಲಕರಣೆ ಸಿಕ್ಕಿಸುವಾಗ ಒಬ್ಬ ಸೀಟಿನಲ್ಲಿ ಕೂತು ಲಿವರ್ ಆಡಿಸುವುದು, ಇನ್ನೊಬ್ಬ ಹಿಂದೆ ನಿಂತು ತೂತಿಗೆ ತೂತು ಹೊಂದಿಸುವುದು ಎಲ್ಲ ಕಡೆ ನಡೆಯುತ್ತದೆ. ತೂತು ಸರಿಯಾಗಿದೆಯೇ ಎಂದು ಬೆರಳು ಹಾಕಿ ನೋಡುವ ಅಭ್ಯಾಸ ಬಹಳ ಜನಕ್ಕಿದೆ. ತಿರುಪಿನ ಲಿಂಕಿನಲ್ಲಿ ಅದು ನಡೆಯುತ್ತಿತ್ತು. ಐದು ಟನ್ನಿನ ಬಲ ಇರುವ ಸಿಲಿಂಡರಿನಲ್ಲಿ ಬೆರಳು ತುಂಡಾಗುತ್ತದೆ. ಲಿವರ್ ಆಡಿಸುವಾಗ ಟ್ರ್ಯಾಕ್ಟರಿಗೂ ಸಲಕರಣೆಗೂ ನಡುವೆ ಯಾರೂ ನಿಂತಿರಬಾರದು. ಲಿವರ್ ಬಿಟ್ಟು, ಎಂಜಿನ್ ಆಫ್ ಮಾಡಿ, ಆಮೇಲೆ ಇಳಿದು ಪಿನ್ ಹಾಕಬೇಕು. ಹೊಂದದಿದ್ದರೆ ಮತ್ತೆ ಹತ್ತಬೇಕು. ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು.

ಅದಕ್ಕಿಂತ ಭಯಂಕರವಾದದ್ದು ಸೋರುವ ಎಣ್ಣೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ, ಎಣ್ಣೆ ಕಣ್ಣಿಗೆ ಕಾಣದಷ್ಟು ಸಪೂರವಾಗಿ ಚಿಮ್ಮುತ್ತಿರುತ್ತದೆ. ಎಲ್ಲಿ ಸೋರುತ್ತಿದೆ ಎಂದು ಕೈ ಸವರಿ ನೋಡುತ್ತಾರೆ. ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ, ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಕೆಲವೇ ಗಂಟೆಗಳಲ್ಲಿ ಕೈ ಊದಿ, ಒಳಗಿನ ಮಾಂಸ ಕೊಳೆಯಲು ಶುರುವಾಗುತ್ತದೆ. ತಡವಾದರೆ ಬೆರಳು ಅಥವಾ ಕೈಯನ್ನೇ ತೆಗೆಯಬೇಕಾಗಿ ಬರಬಹುದು. ಸೋರಿಕೆಯನ್ನು ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಎಣ್ಣೆ ಬಿದ್ದ ಕಲೆ ತೋರಿಸುತ್ತದೆ. ಚುಚ್ಚಿದೆ ಎಂಬ ಅನುಮಾನ ಬಂದರೂ ಸಾಕು, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆಗಲೇ ಓಡಬೇಕು, "ಹೆಚ್ಚು ಒತ್ತಡದ ಎಣ್ಣೆ ಒಳಗೆ ಹೋಗಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸಣ್ಣ ಗಾಯವೆಂದು ಪಟ್ಟಿ ಕಟ್ಟಿ ಕಳಿಸುವ ಸಾಧ್ಯತೆ ಇದೆ.

ಸಿಲಿಂಡರ್ ತಯಾರಿಸಿ ಮಾರುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮುಚ್ಚಿದಾಗಿನ ಉದ್ದ, ಚಾಚಿದಾಗಿನ ಉದ್ದ, ತಡೆಯುವ ಗರಿಷ್ಠ ಒತ್ತಡ, ಈ ಮೂರು ಅಂಕಿಗಳನ್ನು ಪ್ರತಿ ಟಾಪ್ ಲಿಂಕಿನ ಮೈಮೇಲೆ ಕೆತ್ತಿ ಕೊಡಲಿ. ಸ್ಟಿಕ್ಕರ್ ಬೇಡ, ಅದು ಮೊದಲ ಮಳೆಗೇ ಕಿತ್ತು ಬರುತ್ತದೆ. ಲಾಕ್ ಒಂದೇ ಕಡೆಯೋ ಎರಡೂ ಕಡೆಯೋ ಎಂಬುದನ್ನೂ ಬಿಲ್ಲಿನಲ್ಲಿ ಬರೆಯಲಿ.

ತಮ್ಮಲ್ಲಿ ಕೇಳುವುದು ಇಷ್ಟು: ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯುವುದು ಹೇಗೆ ಎಂಬ ಚಿತ್ರವೊಂದನ್ನು ಕೃಷಿ ಪುಟದಲ್ಲಿ ಒಮ್ಮೆ ಹಾಕಿ. ಪಕ್ಕದಲ್ಲಿ ರಟ್ಟು ಹಿಡಿದು ಸೋರಿಕೆ ನೋಡುವ ಚಿತ್ರವೂ ಇರಲಿ. ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ನಿಮ್ಮ ಕಲಾವಿದರು ತಿದ್ದಿ ಬರೆದರೆ ಸಾಕು, ಅಂಕಿಗಳನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಿ.

ಇಂತಿ ತಮ್ಮ ಓದುಗ,
ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಕಸುಬಿನವನು